ಸ್ನ್ಯಾಚ್‌ನಿಂದ ಏಜಾಕ್ಸ್‌ವರೆಗೆ: ಗಾಡಿಯೇ ಸೈನಿಕನಿಗೆ ಗಾಯ ಮಾಡಿದರೆ ಉತ್ತರ ಕೊಡಬೇಕಾದವರು ಯಾರು?

ರಘುನಂದನ್_ಮೈಸೂರು

ಬ್ರಿಟನ್ ಸೇನೆಯ ಹೊಸ ಕವಚದ ಗಾಡಿ ಏಜಾಕ್ಸ್‌ನ ಕಥೆಯನ್ನು ನಾನು ಕೆಲವು ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಅದರ ಬಗ್ಗೆ ಕನ್ನಡದಲ್ಲಿ ಮಾತೇ ಆಗಿಲ್ಲ ಅನ್ನಿಸಿ ಇಲ್ಲಿ ಹಾಕುತ್ತಿದ್ದೇನೆ.

2025ರ ನವೆಂಬರ್ 6ರಂದು ಅಲ್ಲಿನ ರಕ್ಷಣಾ ಇಲಾಖೆಯ ಸಚಿವ ಲ್ಯೂಕ್ ಪೊಲಾರ್ಡ್ ಈ ಗಾಡಿ ಬಳಕೆಗೆ ತಯಾರಾಗಿದೆ ಎಂದು ಘೋಷಿಸಿದರು. ಅದೇ ತಿಂಗಳ 22ರಂದು ಸಾಲಿಸ್‌ಬರಿ ಬಯಲಿನಲ್ಲಿ ತಾಲೀಮು ನಡೆಯಿತು. ಗಾಡಿಯೊಳಗೆ ಕೂತಿದ್ದ ಸುಮಾರು 30 ಸೈನಿಕರು ಸದ್ದು ಮತ್ತು ಅದುರುವಿಕೆಯಿಂದ ಅಸ್ವಸ್ಥರಾದರು. ಗಾಡಿಗಳನ್ನು ನಿಲ್ಲಿಸಬೇಕಾಯಿತು.

ಇದು ಮೊದಲ ಸಲ ಆಗಿದ್ದರೆ ಹೊಸ ಗಾಡಿ, ತೊಂದರೆ ಸಹಜ ಅನ್ನಬಹುದಿತ್ತು. ಆದರೆ 2020ರ ಕೊನೆಯಲ್ಲಿ ಇದೇ ಕಾರಣಕ್ಕೆ ಪರೀಕ್ಷೆ ನಿಂತಿತ್ತು. ಮತ್ತೆ ಶುರು ಮಾಡಿ, 2021ರ ಜೂನ್‌ನಲ್ಲಿ ಮತ್ತೆ ನಿಲ್ಲಿಸಿದರು. ಸದ್ದು ಮತ್ತು ಅದುರುವಿಕೆಗೆ ಸಿಕ್ಕಿದ್ದ ಸುಮಾರು 300 ಸೈನಿಕರನ್ನು ಹುಡುಕಿ ತಪಾಸಣೆಗೆ ಕರೆದರು. ಕೆಲವರ ಕಿವಿಗೆ ದೀರ್ಘಕಾಲದ ಚಿಕಿತ್ಸೆ ಬೇಕಾಯಿತು.

ಹಣದ ಲೆಕ್ಕವನ್ನೂ ನೋಡಿ. 589 ಗಾಡಿಗಳಿಗೆ ಸುಮಾರು 550 ಕೋಟಿ ಪೌಂಡ್. 2014ರ ಸೆಪ್ಟೆಂಬರ್‌ನಲ್ಲಿ ಜನರಲ್ ಡೈನಾಮಿಕ್ಸ್ ಕಂಪನಿಯ ಜೊತೆ ಒಪ್ಪಂದ ಆಯಿತು. ಮೊದಲು 2017ಕ್ಕೆ ಗಾಡಿ ಸೇನೆಗೆ ಬರಬೇಕಿತ್ತು. 2021ರ ಡಿಸೆಂಬರ್ ಹೊತ್ತಿಗೆ ಸರ್ಕಾರ 320 ಕೋಟಿ ಪೌಂಡ್ ಕೊಟ್ಟಾಗಿತ್ತು. ಕೈಗೆ ಬಂದಿದ್ದು 26 ಗಾಡಿ, ಅವೂ ತರಬೇತಿಗೆ. ಇದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ಲೆಕ್ಕ.

ಆದರೆ ನನಗೆ ಹೊಟ್ಟೆ ಉರಿಯುವುದು ಹಣಕ್ಕಲ್ಲ. 2021ರ ಡಿಸೆಂಬರ್‌ನಲ್ಲಿ ರಕ್ಷಣಾ ಇಲಾಖೆಯದ್ದೇ ಸುರಕ್ಷತಾ ನಿರ್ದೇಶಕ ಡೇವಿಡ್ ಕಿಂಗ್ ಅವರ ವರದಿ ಬಂತು. ಅದರಲ್ಲಿ ಒಂದು ಸಂಗತಿ ಇದೆ. 2018ರ ಡಿಸೆಂಬರ್‌ನಲ್ಲೇ ಸೇನೆಯ ಒಂದು ಸುರಕ್ಷತಾ ಸೂಚನೆ ಹೊರಟಿತ್ತು: ಅದುರುವಿಕೆ ಜಾಸ್ತಿ, ಗಾಡಿಯ ಬಳಕೆಗೆ ಮಿತಿ ಹಾಕಿ, ಮುಂದೆ ವಿನ್ಯಾಸವನ್ನೇ ಬದಲಿಸಬೇಕಾಗುತ್ತದೆ ಅಂತ. ಅಂದರೆ ವಿಷಯ ಗೊತ್ತಿತ್ತು. ಬರೆದೂ ಇಟ್ಟಿದ್ದರು. ಆಮೇಲೂ ಹುಡುಗರನ್ನು ಅದೇ ಗಾಡಿಯೊಳಗೆ ಕೂರಿಸಿ ಓಡಿಸಿದರು. ಖರೀದಿಯಲ್ಲಿ ವೆಚ್ಚ ಮತ್ತು ಸಮಯಕ್ಕೆ ಕೊಟ್ಟ ಬೆಲೆಯನ್ನು ಸುರಕ್ಷತೆಗೆ ಕೊಡಲಿಲ್ಲ ಎಂದು ವರದಿ ನೇರವಾಗಿಯೇ ಹೇಳಿತು.

ಇನ್ನು ಸ್ನ್ಯಾಚ್ ಲ್ಯಾಂಡ್ ರೋವರ್ ವಿಷಯ. ಈ ಜೀಪು 1990ರ ದಶಕದಲ್ಲಿ ಉತ್ತರ ಐರ್ಲೆಂಡಿನ ಗಲಭೆಗಳಿಗಾಗಿ ಬಂದಿದ್ದು. ಕಲ್ಲು, ಪೆಟ್ರೋಲ್ ಬಾಂಬ್, ಸಣ್ಣ ಗುಂಡು ತಡೆಯುತ್ತಿತ್ತು. 2003ರಲ್ಲಿ ಅದನ್ನೇ ಇರಾಕಿಗೆ ಕಳಿಸಿದರು. ಅಲ್ಲಿ ಬಾಂಬ್‌ಗಳನ್ನು ರಸ್ತೆ ಬದಿಯಲ್ಲೇ ಹೂತಿಡುತ್ತಿದ್ದರು. ಆಮೇಲೆ ಅಫ್ಘಾನಿಸ್ತಾನ. ಎರಡೂ ಕಡೆ ಸೇರಿ ಕನಿಷ್ಠ 37 ಬ್ರಿಟಿಷ್ ಸೈನಿಕರು ಸ್ನ್ಯಾಚ್ ಒಳಗೆ ಸತ್ತರು. ಸೈನಿಕರೇ ಅದನ್ನು ಓಡಾಡುವ ಶವಪೆಟ್ಟಿಗೆ ಎಂದು ಕರೆಯುತ್ತಿದ್ದರು.

ಈ ಎರಡು ಕಥೆಗಳಿಗೆ ಸಂಬಂಧ ಇದೆ. ಆಗ ಬ್ರಿಟನ್ ಹೊಸ ಪೀಳಿಗೆಯ ಕವಚದ ಗಾಡಿಗಳಿಗಾಗಿ ಫ್ರೆಸ್ ಎಂಬ ದೊಡ್ಡ ಯೋಜನೆ ನಡೆಸುತ್ತಿತ್ತು. ಗಮನ ಮತ್ತು ಹಣ ಅದಕ್ಕೆ ಹೋಗುತ್ತಿತ್ತು, ರಸ್ತೆ ಗಸ್ತಿಗೆ ಬೇಕಾದ ಮಧ್ಯಮ ಗಾತ್ರದ ಗಟ್ಟಿ ಗಾಡಿ ಹಿಂದೆ ಬಿತ್ತು. ಅದೇ ಫ್ರೆಸ್ ಯೋಜನೆಯ ಒಂದು ಕವಲು ಬೆಳೆದು ಏಜಾಕ್ಸ್ ಆಯಿತು.

2016ರ ಜುಲೈನಲ್ಲಿ ಬಂದ ಚಿಲ್ಕಾಟ್ ತನಿಖಾ ವರದಿ ಇರಾಕ್ ಯುದ್ಧದ ಇಡೀ ಜಾತಕ ಬಿಚ್ಚಿಟ್ಟಿತು. ಸರಿಯಾದ ಗಾಡಿ ಕೊಡಲು ಆದ ತಡವನ್ನು ಸಹಿಸಲೇಬಾರದಿತ್ತು ಎಂದಿತು. ಇಂಥ ಕೊರತೆಯನ್ನು ಗುರುತಿಸಿ ಮೇಲಕ್ಕೆ ಹೇಳುವ ಹೊಣೆ ಇಲಾಖೆಯ ಯಾವ ವ್ಯಕ್ತಿಯದು, ಯಾವ ವಿಭಾಗದ್ದು ಎಂಬುದೇ ಸ್ಪಷ್ಟ ಇರಲಿಲ್ಲ ಎಂದೂ ಬರೆಯಿತು. ಇಷ್ಟು ವರ್ಷದ ಯುದ್ಧ, ಇಷ್ಟು ಸಾವು. ಆ ಕೆಲಸ ಯಾರದು ಅನ್ನುವುದೇ ಗೊತ್ತಿರಲಿಲ್ಲ!

ನನ್ನ ವಾದ ಇಷ್ಟೇ. ಸೈನಿಕರ ಗಾಡಿ ವಿಷಯದಲ್ಲಿ ಸಾಮಾನ್ಯವಾಗಿ ಅಪಾಯ ಕೆಳಗಿನವರಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದೆ ಯಾರೂ ಸಾಯುತ್ತಿಲ್ಲ. ‘ಇದು ಸುರಕ್ಷಿತ’ ಎಂದು ಸಹಿ ಹಾಕಿದವರ ಹೆಸರು ಹೊರಗೆ ಬರುವುದಿಲ್ಲ, ಆ ಸಹಿಗೆ ಅವರು ಉತ್ತರ ಕೊಡಬೇಕಾಗಿಯೂ ಬರುವುದಿಲ್ಲ. ನಿಮಗೆ ಏನನ್ನಿಸುತ್ತದೆ?

ಸುಮಾ_ಧಾರವಾಡ

ಓದಿ ಬೇಜಾರಾಯಿತು ಸರ್. ನನ್ನ ತಮ್ಮ ಸೇನೆಯಲ್ಲಿ ಡ್ರೈವರ್. ಒಂದು ಅನುಮಾನ. ಬಾಂಬ್ ವಿಷಯ ಅರ್ಥ ಆಗುತ್ತದೆ. ಆದರೆ ಬರೀ ಗಾಡಿ ಅದುರಿದರೆ ಮನುಷ್ಯನಿಗೆ ಅಷ್ಟು ಪೆಟ್ಟಾಗುತ್ತಾ? ನಮ್ಮ ಟ್ರ್ಯಾಕ್ಟರ್, ಹಳೇ ಬಸ್ಸುಗಳೂ ಅದುರುತ್ತವಲ್ಲ?

ಗಿರೀಶ್_ಕೆ

ಸುಮಾ ಅವರೇ, ನಾನು ಭಾರಿ ವಾಹನಗಳ ಸಸ್ಪೆನ್ಷನ್ ಕೆಲಸ ಮಾಡುವವನು, ಹೇಳುತ್ತೇನೆ. ಟ್ರ್ಯಾಕ್ಟರ್ ಓಡಿಸುವವರಿಗೂ ಪೆಟ್ಟು ಬೀಳುತ್ತದೆ. ವರ್ಷಗಟ್ಟಲೆ ಓಡಿಸಿದವರ ಸೊಂಟ ನೋವಿನಲ್ಲಿ ಅದರ ಪಾಲು ದೊಡ್ಡದು. ನಾವು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುತ್ತೇವೆ.

ಅದುರುವಿಕೆ ಎರಡು ದಾರಿಯಲ್ಲಿ ಮೈಗೆ ಬರುತ್ತದೆ. ಸೀಟಿನಿಂದ ಬೆನ್ನುಮೂಳೆಗೆ ಹೋಗುವುದು ಒಂದು. ಹಿಡಿದುಕೊಂಡ ಹಿಡಿಕೆಯಿಂದ ಕೈಗೆ ಬರುವುದು ಇನ್ನೊಂದು. ಎರಡನೆಯದು ಜಾಸ್ತಿ ಆದರೆ ಬೆರಳುಗಳ ನರ, ರಕ್ತನಾಳ ಹಾಳಾಗುತ್ತವೆ. ಬೆರಳು ಮರಗಟ್ಟುತ್ತದೆ, ಚಳಿಯಲ್ಲಿ ಬೆಳ್ಳಗಾಗುತ್ತದೆ. ಬಹಳ ಮುಂದುವರಿದ ಮೇಲೆ ವಾಸಿ ಆಗುವುದು ಕಷ್ಟ.

ಬ್ರಿಟನ್ನಿನಲ್ಲಿ 2005ರಿಂದ ಇದಕ್ಕೆ ಕಾನೂನಿನ ಮಿತಿ ಇದೆ. ದಿನಕ್ಕೆ 8 ಗಂಟೆಯ ಲೆಕ್ಕದಲ್ಲಿ ಇಡೀ ಮೈಗೆ ತಗಲುವ ಅದುರುವಿಕೆ ಸೆಕೆಂಡಿನ ವರ್ಗಕ್ಕೆ 1.15 ಮೀಟರ್ ದಾಟಬಾರದು, ಕೈಗಾದರೆ 5 ಮೀಟರ್. ಮೈಗೆ 0.5, ಕೈಗೆ 2.5 ದಾಟಿದರೇ ಮಾಲೀಕ ಕ್ರಮ ಕೈಗೊಳ್ಳಬೇಕು. ಸದ್ದಿಗೂ ಮಿತಿ ಇದೆ: ಕಿವಿಗೆ ರಕ್ಷಣೆ ಹಾಕಿಕೊಂಡ ಮೇಲೂ 87 ಡೆಸಿಬಲ್ ಮೀರುವಂತಿಲ್ಲ.

ಏಜಾಕ್ಸ್ ಸುಮಾರು 38 ಟನ್ ತೂಕದ, ಚೈನ್ ಮೇಲೆ ಓಡುವ ಗಾಡಿ. ಚೈನ್ ಗಾಡಿಯಲ್ಲಿ ಒಂದೊಂದು ಕೊಂಡಿಯೂ ಚಕ್ರದ ಕೆಳಗೆ ಬಂದಾಗ ಬಡಿತ ಇರುತ್ತದೆ. ಅದನ್ನು ರಬ್ಬರ್ ಪ್ಯಾಡ್, ಸಸ್ಪೆನ್ಷನ್, ಎಂಜಿನ್ ಮೌಂಟ್, ಸೀಟು ಎಲ್ಲ ಸೇರಿ ನುಂಗಬೇಕು. ಇಲ್ಲಿ ತೊಂದರೆಯ ಮೂಲ ಒಂದೇ ಆಗಿರಲಿಲ್ಲ. ಚೈನ್, ಸಸ್ಪೆನ್ಷನ್, ಎಂಜಿನ್ ಕೂರಿಸಿದ ರೀತಿ, ಜೊತೆಗೆ ಜೋಡಣೆಯ ಗುಣಮಟ್ಟ. ಇದರ ಮೇಲೆ ಹೆಡ್‌ಸೆಟ್‌ನಿಂದಲೂ ಕಿವಿಗೆ ಸದ್ದು. ಜೋಡಣೆ ಗಾಡಿಯಿಂದ ಗಾಡಿಗೆ ಬೇರೆಯಾದರೆ ಒಂದು ಚೆನ್ನಾಗಿ ಓಡುತ್ತದೆ, ಪಕ್ಕದ್ದು ಮೈ ಮುರಿಯುತ್ತದೆ. ಆಗ ಪರೀಕ್ಷೆಯ ಅಂಕಿ ಸರಿ ಬಂದರೂ ಒಳಗೆ ಕೂತವನ ಪಾಡು ಬೇರೆಯೇ.

ಇನ್ನೊಂದು ಮಾತು. ಈ ಗಾಡಿಗೆ ಸೇನೆ ಹಾಕಿದ ಬೇಡಿಕೆಗಳೇ ಸುಮಾರು 1,200. ಮೂಲ ಗಾಡಿ ಸ್ಪೇನ್ ಮತ್ತು ಆಸ್ಟ್ರಿಯಾ ಸೇರಿ ಮಾಡಿದ ಆಸ್ಕಾಡ್, ಇಷ್ಟು ತೂಕದ್ದಲ್ಲ. ಕವಚ, ತೋಪು, ಸೆನ್ಸರ್ ಅಂತ ತೂಕ ಏರಿಸುತ್ತಾ ಹೋದರೆ ಕೆಳಗಿನ ಸಸ್ಪೆನ್ಷನ್ ಲೆಕ್ಕ ಪೂರ್ತಿ ಹೊಸದಾಗಿ ಮಾಡಬೇಕು. ಇದು ಡಿಪ್ಲೊಮಾ ಹುಡುಗನಿಗೂ ಗೊತ್ತಿರುವ ವಿಷಯ.

ಇಎಂಇ_ಹಾಸನ

ರಘು ಅವರೇ, ಗಿರೀಶ್ ಅವರೇ, ನಮಸ್ಕಾರ. ನಾನು ಸೇನೆಯ ಗಾಡಿ, ಯಂತ್ರ ರಿಪೇರಿ ಮಾಡುವ ಇಎಂಇ ವಿಭಾಗದಿಂದ ಹವಾಲ್ದಾರ್ ಆಗಿ ನಿವೃತ್ತನಾದವನು. ವರ್ಕ್‌ಶಾಪಿನಲ್ಲೇ ಆಯಸ್ಸು ಕಳೆದೆ. ಬ್ರಿಟನ್ ವಿಷಯ ನೀವು ಓದಿದಷ್ಟು ನಾನು ಓದಿಲ್ಲ. ಆದರೆ ಇಂಥ ದೂರು ಕೆಳಗಿನಿಂದ ಮೇಲೆ ಹೇಗೆ ಹೋಗುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ.

ಕಿವಿ ಗುಂಯ್ ಅನ್ನುತ್ತಿದೆ ಅಂತ ಜವಾನ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಮೆಡಿಕಲ್ ಕ್ಯಾಟಗರಿ, ಅಂದರೆ ಸೇನೆ ಕೊಡುವ ಆರೋಗ್ಯದ ದರ್ಜೆ, ಇಳಿಯುತ್ತದೆ ಅಂತ ಹೆದರಿಕೆ. ಲೋ ಮೆಡಿಕಲ್ ಕ್ಯಾಟಗರಿ ಆದರೆ ಬಡ್ತಿ, ಕೋರ್ಸು, ಒಳ್ಳೆ ಪೋಸ್ಟಿಂಗ್ ಎಲ್ಲದಕ್ಕೂ ಅಡ್ಡಿ. ಮನೆಯಲ್ಲಿ ಸಾಲ ಇರುತ್ತದೆ, ತಂಗಿ ಮದುವೆ ಇರುತ್ತದೆ. ಹಲ್ಲು ಕಚ್ಚಿ ಓಡಿಸುತ್ತಾನೆ. ನನ್ನ ಬಲಗಿವಿ ಈಗಲೂ ಸರಿಯಾಗಿ ಕೇಳುವುದಿಲ್ಲ. ನಾನೂ ಸರ್ವಿಸಿನಲ್ಲಿ ಇದ್ದಾಗ ಹೇಳಿಕೊಳ್ಳಲಿಲ್ಲ.

ಗಾಡಿಯ ದೋಷ ಬರೆದು ಕಳಿಸುವ ಡಿಫೆಕ್ಟ್ ರಿಪೋರ್ಟ್ ಇರುತ್ತದೆ. ವರ್ಕ್‌ಶಾಪಿನಲ್ಲಿ ನಾವು ‘ಓಡಿಸಲು ಯೋಗ್ಯ ಅಲ್ಲ’ ಅಂತ ಬರೆದದ್ದು ಒಂದು ಮೇಜು ದಾಟಿದ ಮೇಲೆ ‘ಗಮನ ಬೇಕು’ ಆಗುತ್ತದೆ. ಇನ್ನೊಂದು ಮೇಜು ದಾಟಿದರೆ ‘ಪರಿಶೀಲನೆಯಲ್ಲಿದೆ’. ಯಾರೂ ಸುಳ್ಳು ಬರೆಯುವುದಿಲ್ಲ. ಒಬ್ಬೊಬ್ಬರೂ ಸ್ವಲ್ಪ ಮೆತ್ತಗೆ ಮಾಡುತ್ತಾರೆ, ಅಷ್ಟೇ. ದೊಡ್ಡ ಸಾಹೇಬರ ಹತ್ತಿರ ಹೋಗುವಾಗ ಅದು ದೋಷವೇ ಅಲ್ಲ ಅನ್ನೋ ಹಾಗೆ ಇರುತ್ತದೆ.

ರಘುನಂದನ್_ಮೈಸೂರು

ಹವಾಲ್ದಾರ್ ಸಾಹೇಬರೇ, ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನೀವು ಹೇಳಿದ್ದೇ ಅಲ್ಲಿಯೂ ಆಗಿದೆ. ಕ್ಲೈವ್ ಶೆಲ್ಡನ್ ಎಂಬ ಹಿರಿಯ ವಕೀಲರು ಏಜಾಕ್ಸ್ ಬಗ್ಗೆ ಇನ್ನೊಂದು ತನಿಖೆ ಮಾಡಿದರು. 2023ರ ಜೂನ್‌ನಲ್ಲಿ ವರದಿ ಬಂತು. ಕೆಳಗೆ ಗೊತ್ತಿದ್ದ ಸಮಸ್ಯೆ ಹಿರಿಯ ಅಧಿಕಾರಿಗಳಿಗೂ ಸಚಿವರಿಗೂ ಹೊತ್ತಿಗೆ ಸರಿಯಾಗಿ ತಲುಪಲಿಲ್ಲ, ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಅತಿಯಾಗಿತ್ತು ಎಂದು ಅವರು ಬರೆದರು. 24 ಶಿಫಾರಸು ಮಾಡಿದರು. ಸರ್ಕಾರ 15ನ್ನು ಪೂರ್ತಿ, 9ನ್ನು ತಾತ್ವಿಕವಾಗಿ ಒಪ್ಪಿತು. ಎರಡು ವರ್ಷ ಕಳೆದ ಮೇಲೆ ಸಾಲಿಸ್‌ಬರಿ ಬಯಲಿನ ಘಟನೆ ನಡೆಯಿತು.

ವಿನಯ್_ಹುಬ್ಬಳ್ಳಿ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಸೇನೆಯ ಕೆಲಸವೇ ಅಪಾಯದ್ದು. ನೂರಕ್ಕೆ ನೂರು ಸುರಕ್ಷಿತವಾದ ಯುದ್ಧದ ಗಾಡಿ ಎಲ್ಲೂ ಇಲ್ಲ. ಸಹಿ ಹಾಕಿದವನನ್ನು ಕೋರ್ಟಿಗೆ ಎಳೆಯುತ್ತೇವೆ ಅಂದರೆ ಯಾರು ಸಹಿ ಹಾಕುತ್ತಾರೆ? ಫೈಲು ಹತ್ತು ವರ್ಷ ಅಲ್ಲೇ ಕೊಳೆಯುತ್ತದೆ. ಅಷ್ಟರಲ್ಲಿ ಸೈನಿಕ ಹಳೇ ಗಾಡಿಯಲ್ಲೇ ಸಾಯುತ್ತಾನೆ. ಸ್ನ್ಯಾಚ್ ವಿಷಯದಲ್ಲಿ ಆದದ್ದು ಇದೇ ಅಲ್ವಾ? ಹೊಸ ಗಾಡಿ ಬೇಗ ಬರಲಿಲ್ಲ.

ಅಮೆರಿಕದ ಉದಾಹರಣೆ ನೋಡಿ. ಇರಾಕಿನಲ್ಲಿ ಹಮ್‌ವೀ ಗಾಡಿಗಳು ಬಾಂಬಿಗೆ ಚಿಂದಿಯಾಗುತ್ತಿದ್ದವು. 2004ರ ಡಿಸೆಂಬರ್‌ನಲ್ಲಿ ಕುವೈತ್‌ನಲ್ಲಿ ಒಬ್ಬ ಸೈನಿಕ ರಕ್ಷಣಾ ಮಂತ್ರಿ ರಮ್ಸ್‌ಫೆಲ್ಡ್ ಅವರನ್ನೇ ಕೇಳಿದ, ನಮ್ಮ ಗಾಡಿಗೆ ಕವಚ ಹಾಕಲು ನಾವೇ ಯಾಕೆ ಗುಜರಿಯಲ್ಲಿ ಲೋಹ ಹುಡುಕಬೇಕು ಅಂತ. ಆಮೇಲೆ ಬಂದ ರಾಬರ್ಟ್ ಗೇಟ್ಸ್ 2007ರಲ್ಲಿ ನೆಲಬಾಂಬ್ ತಾಳುವ ಎಂರ್‍ಯಾಪ್ ಗಾಡಿಯನ್ನು ಇಲಾಖೆಯ ಮೊದಲ ಆದ್ಯತೆ ಮಾಡಿದರು. ಅದರ ತಳ ದೋಣಿಯ ಹಾಗೆ ಇಳಿಜಾರಾಗಿರುತ್ತದೆ, ಸ್ಫೋಟದ ರಭಸ ಎರಡೂ ಬದಿಗೆ ಹಂಚಿಹೋಗುತ್ತದೆ. ಕೆಲವೇ ವರ್ಷದಲ್ಲಿ ಸಾವಿರಗಟ್ಟಲೆ ಗಾಡಿ ಹೋದವು. ಕೋರ್ಟು ಕಚೇರಿಯಿಂದ ಆದ ಕೆಲಸ ಅಲ್ಲ ಅದು. ಒಬ್ಬ ಮಂತ್ರಿ ಪಟ್ಟು ಹಿಡಿದಿದ್ದರಿಂದ ಆಯಿತು.

ರಘುನಂದನ್_ಮೈಸೂರು

ವಿನಯ್, ಒಳ್ಳೆ ಪ್ರಶ್ನೆ. ಗೇಟ್ಸ್ ಉದಾಹರಣೆ ನನ್ನ ವಾದಕ್ಕೇ ಬಲ ಕೊಡುತ್ತದೆ ಅನ್ನಿಸುತ್ತದೆ. ಅಲ್ಲಿ ಒಬ್ಬ ಮನುಷ್ಯ ಇದು ನನ್ನ ಹೊಣೆ ಅಂದ. ಬ್ರಿಟನ್ನಿನಲ್ಲಿ ಹಾಗೆ ಹೇಳುವವರೇ ಇರಲಿಲ್ಲ ಎಂದು ಚಿಲ್ಕಾಟ್ ಬರೆದಿದ್ದು. ಪೂರ್ತಿ ಇರಲಿಲ್ಲ ಅಂದರೆ ತಪ್ಪಾಗುತ್ತದೆ. 2006ರ ಬೇಸಿಗೆಯಲ್ಲಿ ಮಂತ್ರಿ ಡೆಸ್ ಬ್ರೌನ್ ಗಟ್ಟಿ ಕವಚದ ಮ್ಯಾಸ್ಟಿಫ್ ಗಾಡಿಗಳಿಗೆ ಆರ್ಡರ್ ಕೊಟ್ಟರು. ಕೆಲವೇ ತಿಂಗಳಲ್ಲಿ ಅವು ಇರಾಕ್ ತಲುಪಿದವು. ಅಂದರೆ ಮನಸ್ಸು ಮಾಡಿದರೆ ಬೇಗ ತರಬಹುದಿತ್ತು. 2003ರಿಂದ 2006ರವರೆಗೆ ಆ ಮನಸ್ಸು ಯಾಕೆ ಬರಲಿಲ್ಲ ಅನ್ನುವುದೇ ಪ್ರಶ್ನೆ.

ಸ್ನ್ಯಾಚ್‌ನಲ್ಲಿ ಸತ್ತ ಹುಡುಗರ ಮನೆಯವರು ಆ ಪ್ರಶ್ನೆಯನ್ನು ಕೇಳಿದರು. ವರ್ಷಗಟ್ಟಲೆ ಕೋರ್ಟು ಅಲೆದರು. 2017ರಲ್ಲಿ ರಕ್ಷಣಾ ಮಂತ್ರಿ ಮೈಕೆಲ್ ಫ್ಯಾಲನ್ ಆ ಮನೆಯವರಿಗೆ ಪತ್ರ ಬರೆದು ಕ್ಷಮೆ ಕೇಳಿದರು. ಬದಲಿ ಗಾಡಿ ತರುವುದರಲ್ಲಿ ತಡವಾಯಿತು, ಬೇಗ ತಂದಿದ್ದರೆ ಜೀವ ಉಳಿಯಬಹುದಿತ್ತು ಎಂದು ಒಪ್ಪಿಕೊಂಡರು. 2005ರಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಆ ಒಂದು ಮಾತು ಕೇಳಲು 12 ವರ್ಷ ಬೇಕಾಯಿತು.

ಅನಿತಾ_ಬೆಂಗಳೂರು

ನಾನು ವಕೀಲಳು. ವಿನಯ್ ಅವರ ಆತಂಕಕ್ಕೆ ಅದೇ ಮನೆಯವರ ಕೇಸಿನಲ್ಲಿ ಉತ್ತರ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಬ್ರಿಟನ್ನಿನಲ್ಲಿ 1947ರ ಕಾನೂನಿನ ಪ್ರಕಾರ ಸೈನಿಕ ಗಾಯಗೊಂಡರೂ ಸರ್ಕಾರದ ಮೇಲೆ ದಾವೆ ಹಾಕುವ ಹಾಗೇ ಇರಲಿಲ್ಲ. 1987ರಲ್ಲಿ ಆ ಅಡ್ಡಿ ತೆಗೆದರು. ಆದರೂ ಯುದ್ಧದ ಸಮಯದ ನಿರ್ಧಾರಗಳಿಗೆ ರಕ್ಷಣೆ ಉಳಿಯಿತು. ಸರ್ಕಾರ ಆ ರಕ್ಷಣೆಯನ್ನು ಸ್ನ್ಯಾಚ್‌ಗೂ ಎಳೆದು ತರಲು ನೋಡಿತು. 2013ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 4–3ರ ಬಹುಮತದಲ್ಲಿ ಒಪ್ಪಲಿಲ್ಲ.

ಕೋರ್ಟು ಹೇಳಿದ್ದು ನನಗೆ ಬಹಳ ಹಿಡಿಸಿತು. ಗುಂಡು ಹಾರುತ್ತಿರುವಾಗ ಕಮಾಂಡರ್ ತೆಗೆದುಕೊಂಡ ನಿರ್ಧಾರಕ್ಕೆ ನಾವು ಕೈ ಹಾಕುವುದಿಲ್ಲ. ಮೇಲಿನ ಮಟ್ಟದ ರಾಜಕೀಯ ತೀರ್ಮಾನಕ್ಕೂ ಇಲ್ಲ. ಆದರೆ ಇವೆರಡರ ನಡುವೆ ಜಾಗ ಇದೆ: ಯಾವ ಸಲಕರಣೆ ಕೊಟ್ಟಿರಿ, ಯಾವ ತರಬೇತಿ ಕೊಟ್ಟಿರಿ ಅನ್ನುವುದು. ಅದನ್ನು ವಿಚಾರಣೆಯಲ್ಲಿ ನೋಡಬಹುದು. ಸರ್ಕಾರ ತಪ್ಪು ಮಾಡಿದೆ ಎಂದು ಅಂದು ತೀರ್ಪಾಗಲಿಲ್ಲ, ಕೇಸು ಮುಂದುವರಿಯಲಿ ಅಂದರು, ಅಷ್ಟೇ. ಹವಾಲ್ದಾರ್ ಅವರು ಹೇಳಿದ ಮೇಜುಗಳೆಲ್ಲ ಈ ನಡುವಿನ ಜಾಗದಲ್ಲೇ ಇರುವುದು.

ಆದರೆ ತೂತು ಇನ್ನೂ ಇವೆ. ಕೆಲಸದ ಸ್ಥಳದ ಸುರಕ್ಷತಾ ಕಾನೂನು ಮುರಿದರೆ ಖಾಸಗಿ ಕಂಪನಿಯನ್ನು ಕ್ರಿಮಿನಲ್ ಕೋರ್ಟಿಗೆ ಎಳೆಯಬಹುದು. ರಕ್ಷಣಾ ಇಲಾಖೆಯನ್ನು ಆಗುವುದಿಲ್ಲ. ಬದಲಿಗೆ ಒಂದು ಅಧಿಕೃತ ಛೀಮಾರಿ ಪತ್ರ ಸಿಗುತ್ತದೆ. ದಂಡ ಇಲ್ಲ, ಶಿಕ್ಷೆ ಇಲ್ಲ. ಸಂಸ್ಥೆಯ ನಿರ್ಲಕ್ಷ್ಯದಿಂದ ಸಾವಾದರೆ ಹಾಕುವ 2007ರ ಕಾನೂನಿನಲ್ಲೂ ಯುದ್ಧ ಕಾರ್ಯಾಚರಣೆಗೆ ಮತ್ತು ಅಪಾಯದ ತರಬೇತಿಗೆ ವಿನಾಯಿತಿ ಇದೆ. ಅಂದರೆ ಕೊನೆಗೆ ಉಳಿಯುವುದು ಪರಿಹಾರದ ದಾವೆ. ಅದಕ್ಕೆ ಮನೆಯವರೇ ಓಡಾಡಬೇಕು.

ಗಿರೀಶ್_ಕೆ

ವಿನಯ್, ಇನ್ನೊಂದು ವಿಷಯ ಸೇರಿಸುತ್ತೇನೆ. ಇದರಲ್ಲಿ ಯುದ್ಧವೇ ಇಲ್ಲದ ಸಾವುಗಳೂ ಇವೆ. 2010ರಿಂದ 2019ರವರೆಗೆ ಅಮೆರಿಕದ ಭೂಸೇನೆ ಮತ್ತು ಮರೀನ್ ಪಡೆಯ ಗಾಡಿಗಳು ಯುದ್ಧವಿಲ್ಲದ ಕಡೆ 3,753 ಅಪಘಾತ ಕಂಡವು, 123 ಜನ ಸತ್ತರು. ಇದು ಅಲ್ಲಿನ ಸಂಸತ್ತಿನ ಲೆಕ್ಕತನಿಖಾ ಸಂಸ್ಥೆಯ ಅಂಕಿ. ಡ್ರೈವರ್‌ಗೆ ಸರಿಯಾದ ತರಬೇತಿ ಇಲ್ಲದಿರುವುದು, ಮೇಲ್ವಿಚಾರಣೆ ಇಲ್ಲದಿರುವುದು ಇಂಥ ಕಾರಣಗಳು.

2017ರ ಜೂನ್‌ನಲ್ಲಿ ವೇಲ್ಸ್‌ನ ಕಾಸಲ್‌ಮಾರ್ಟಿನ್ ಗುಂಡಿನ ತಾಣದಲ್ಲಿ ಚಾಲೆಂಜರ್ 2 ಟ್ಯಾಂಕಿನೊಳಗೆ ಸ್ಫೋಟವಾಗಿ ಇಬ್ಬರು ಸತ್ತರು. ತೋಪಿನ ಹಿಂಭಾಗದಲ್ಲಿ ಬಿಸಿ ಅನಿಲ ಒಳಗೆ ನುಗ್ಗದಂತೆ ತಡೆಯುವ ಒಂದು ಭಾಗ ಇರುತ್ತದೆ. ಅದು ಇಲ್ಲದೆಯೂ ತೋಪು ಹಾರುತ್ತಿತ್ತು. ಅಂಥ ಮುಖ್ಯ ಭಾಗ ಕೂರಿಸದಿದ್ದರೆ ತೋಪು ಹಾರಲೇಬಾರದು. ವಿನ್ಯಾಸದ ಮೇಜಿನ ಮೇಲೆ ಕೇಳಬೇಕಾಗಿದ್ದ ಪ್ರಶ್ನೆ ಅದು.

ಶ್ರೀಧರ_ಕೋಲಾರ

ಅಲ್ಲಿಯ ಕಥೆ ಸರಿ, ನಮ್ಮಲ್ಲಿ? ಬೆಂಗಳೂರಿನ ಬಿಇಎಂಎಲ್ 1980ರ ದಶಕದಿಂದ ಸೇನೆಗೆ ಟಾಟ್ರಾ ಟ್ರಕ್ ಕೊಡುತ್ತಿತ್ತು. 2012ರ ಮಾರ್ಚ್‌ನಲ್ಲಿ ಅಂದಿನ ಸೇನಾ ಮುಖ್ಯಸ್ಥ ವಿ.ಕೆ. ಸಿಂಗ್ ಬಾಂಬ್ ಹಾಕಿದರು. 600 ಕಳಪೆ ಗಾಡಿಗಳನ್ನು ಒಪ್ಪಿಕೊಳ್ಳಲು ತಮಗೆ 14 ಕೋಟಿ ರೂಪಾಯಿ ಲಂಚದ ಆಮಿಷ ಬಂದಿತ್ತು ಎಂದರು. ಸಂಸತ್ತಿನಲ್ಲಿ ಗದ್ದಲ ಆಯಿತು, ಸಿಬಿಐ ತನಿಖೆ ಶುರುವಾಯಿತು. ನನ್ನ ಊರಿನ ಕಡೆ ಬಿಇಎಂಎಲ್ ಕೆಲಸದವರು ಬಹಳ ಜನ ಇದ್ದಾರೆ, ಕೆಜಿಎಫ್‌ನಲ್ಲಿ ಕಾರ್ಖಾನೆ ಇದೆ. ಕಾರ್ಮಿಕರಿಗೆ ಸುಮ್ನೆ ಕೆಟ್ಟ ಹೆಸರು ಬಂತು ಅಂತ ಅವರಿಗೆಲ್ಲ ನೋವು.

ರಘುನಂದನ್_ಮೈಸೂರು

ಶ್ರೀಧರ ಅವರೇ, ಕಾರ್ಮಿಕರ ನೋವು ಅರ್ಥವಾಗುತ್ತದೆ. ಲಂಚದ್ದು ಆರೋಪ, ಅದರ ಬಗ್ಗೆ ನಾನು ತೀರ್ಪು ಕೊಡಲಾರೆ. ಆದರೆ ಆಗಿನ ರಕ್ಷಣಾ ಮಂತ್ರಿ ಎ.ಕೆ. ಆಂಟನಿ ರಾಜ್ಯಸಭೆಯಲ್ಲಿ ಹೇಳಿದ್ದು ನೆನಪಿದೆಯಾ? ಜನರಲ್ ತಮಗೆ ಈ ವಿಷಯ ಮೊದಲೇ ಹೇಳಿದ್ದರು, ಕ್ರಮ ಕೈಗೊಳ್ಳಿ ಅಂದೆ, ಅವರು ಮುಂದುವರಿಸಲು ಬಯಸಲಿಲ್ಲ, ಬರವಣಿಗೆಯಲ್ಲಿ ದೂರು ಬರಲಿಲ್ಲ ಎಂದರು. ದೇಶದ ರಕ್ಷಣಾ ಮಂತ್ರಿ, ಸೇನೆಯ ಮುಖ್ಯಸ್ಥ, ಇಬ್ಬರ ನಡುವೆ ಸೈನಿಕರು ಓಡಿಸುವ ಗಾಡಿಯ ಬಗ್ಗೆ ಇಷ್ಟು ಗಂಭೀರ ಮಾತು ನಡೆದಿದೆ. ಕಾಗದದ ಮೇಲೆ ಏನೂ ಇಲ್ಲ. ಆಗ ಹೊಣೆ ಯಾರ ಮೇಲೂ ಕೂರುವುದಿಲ್ಲ.

ಇನ್ನೊಂದು. ಆ ಟ್ರಕ್ಕುಗಳ ಸ್ಟೀರಿಂಗ್ ಎಡಗಡೆ ಇತ್ತು. ರಸ್ತೆಯ ಎಡಬದಿಯಲ್ಲಿ ಓಡಿಸುವ ನಮ್ಮ ದೇಶದಲ್ಲಿ, ಘಾಟಿ ತಿರುವುಗಳಲ್ಲಿ, ಡ್ರೈವರ್ ತಪ್ಪು ಬದಿಯಲ್ಲಿ ಕೂತು ಓಡಿಸಬೇಕು. ಎದುರಿನ ಗಾಡಿ ಕಾಣಬೇಕಾದರೆ ಪಕ್ಕದಲ್ಲಿ ಕೂತವನ ಮಾತು ನಂಬಬೇಕು. ಇದಕ್ಕೆ ಯಾರು ಹೂಂ ಅಂದರು, ಯಾವ ಕಾರಣಕ್ಕೆ ಅಂದರು ಅಂತ ಒಂದು ಪುಟ ಸಾರ್ವಜನಿಕರ ಮುಂದೆ ಇರಬೇಕು ಅನ್ನುವುದು ಅತಿಯಾಸೆಯಾ?

ವಿನಯ್_ಹುಬ್ಬಳ್ಳಿ

ಹೆಸರು ಬರೆದಿಡಲಿ, ಅದಕ್ಕೆ ನನ್ನ ವಿರೋಧ ಇಲ್ಲ. ಪ್ರಾಮಾಣಿಕವಾಗಿ ಯೋಚಿಸಿ ಸಹಿ ಹಾಕಿ, ಆಮೇಲೆ ಅದು ತಪ್ಪಾದರೆ ಆ ಅಧಿಕಾರಿಗೆ ಶಿಕ್ಷೆ ಆಗಬಾರದು. ಎಚ್ಚರಿಕೆ ಕೈಗೆ ಬಂದ ಮೇಲೂ ಮುಚ್ಚಿಟ್ಟವನಿಗೆ ಮಾತ್ರ ಆಗಲಿ. ಈ ಗೆರೆ ಎಳೆಯುವುದು ನಿಮಗೆ ಅನ್ನಿಸಿದಷ್ಟು ಸುಲಭ ಅಲ್ಲ ರಘು.

ಅನಿತಾ_ಬೆಂಗಳೂರು

ಸುಲಭ ಅಲ್ಲ, ಒಪ್ಪುತ್ತೇನೆ. ಆದರೆ ಏಜಾಕ್ಸ್‌ನಲ್ಲಿ ಆ ಗೆರೆ 2018ರ ಡಿಸೆಂಬರ್‌ನ ಸೂಚನೆಯ ರೂಪದಲ್ಲಿ ಕಣ್ಣಿಗೆ ಕಾಣುವ ಹಾಗೆ ಇತ್ತಲ್ಲ. ಅದಕ್ಕಿಂತ ಮೊದಲಿನ ಸಹಿ ಬೇರೆ, ಆಮೇಲಿನ ಸಹಿ ಬೇರೆ.

ಸುಮಾ_ಧಾರವಾಡ

ಹವಾಲ್ದಾರ್ ಸರ್, ನನ್ನ ತಮ್ಮನಿಗೆ ಏನು ಹೇಳಲಿ? ಈಚೆಗೆ ಫೋನಿನಲ್ಲಿ ಎರಡೆರಡು ಸಲ ಕೇಳುತ್ತಾನೆ, ಏನಂದೆ ಅಕ್ಕಾ ಅಂತ.

ಇಎಂಇ_ಹಾಸನ

ತಂಗೀ, ಇದನ್ನು ತಳ್ಳಿಹಾಕಬೇಡ. ಅವನಿಗೆ ಇವತ್ತೇ ಹೇಳು, ಯೂನಿಟ್ಟಿನ ಡಾಕ್ಟರ್ ಕೂರುವ ಎಂಐ ರೂಮಿಗೆ ಹೋಗಿ ಕಿವಿಯ ತೊಂದರೆಯನ್ನು ಬಾಯಲ್ಲಿ ಹೇಳುವುದಲ್ಲ, ಬರೆಸಬೇಕು. ಮಿಲಿಟರಿ ಆಸ್ಪತ್ರೆಯಲ್ಲಿ ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅನ್ನೋ ಪರೀಕ್ಷೆ, ಮಾಡಿಸಿ ಅದರ ಪ್ರತಿ ಇಟ್ಟುಕೊಳ್ಳಲಿ. ಯಾವ ಗಾಡಿ, ಎಷ್ಟು ಕಾಲ ಓಡಿಸಿದ ಅನ್ನುವುದೂ ದಾಖಲೆಯಲ್ಲಿ ಬರಲಿ. ಕ್ಯಾಟಗರಿ ಇಳಿಯುತ್ತದೆ ಅಂತ ಹೆದರುತ್ತಾನೆ, ನನಗೆ ಗೊತ್ತು. ಆದರೆ ಸರ್ವಿಸಿನಲ್ಲಿ ಇದ್ದಾಗ ದಾಖಲೆ ಆಗದಿದ್ದರೆ, ನಿವೃತ್ತಿ ಹೊತ್ತಿನ ಮೆಡಿಕಲ್ ಬೋರ್ಡಿನಲ್ಲಿ ಈ ತೊಂದರೆ ಸೇವೆಯಿಂದಲೇ ಬಂದಿದ್ದು ಅಂತ ತೋರಿಸುವುದು ಬಹಳ ಕಷ್ಟ. ಡಿಸೆಬಿಲಿಟಿ ಪೆನ್ಷನ್ ಸಿಗುತ್ತದೋ ಇಲ್ಲವೋ ಅನ್ನುವುದು ಆ ಒಂದು ಮಾತಿನ ಮೇಲೆ. ಬೇಕಾದರೆ ನನಗೆ ಮೆಸೇಜ್ ಹಾಕು, ಅವನ ಜೊತೆ ನಾನೇ ಮಾತಾಡುತ್ತೇನೆ.